ಡೀಸೆಲ್ ಟ್ಯಾಂಕಿಗೆ ಹೊದಿಸಿದ ಕಂಬಳಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಲಾರಿಯ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ, ಅದರ ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಎಳೆದೆಳೆದು ಬಿಗಿದು, ಕೊನೆಗೆ ಇಡೀ ಟ್ಯಾಂಕಿಗೆ ಒಂದು ಕರೀ ಕಂಬಳಿ ಹೊದಿಸಿ ಹಗ್ಗ ಕಟ್ಟಿದವನು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ. ಕುಡಿದಿರಲಿಲ್ಲ. ಚಳಿಯಾಗದಿರಲಿ ಎಂದು ಕಟ್ಟಿದೆ. ನನಗಲ್ಲ, ಲಾರಿಗೆ. ನಗುವವರು ಒಂದು ಸುತ್ತು ಈಗಲೇ ನಕ್ಕುಬಿಡಿ. ಆದರೆ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಉಳಿಸಿಕೊಳ್ಳಿ.

ಮೊನ್ನೆ ಅಟ್ಟದ ಮೇಲಿನ ಟ್ರಂಕು ತೆಗೆದಾಗ ಆ ಕಂಬಳಿ ಸಿಕ್ಕಿತು. ಒಂದು ಮೂಲೆ ಅಂಗೈಯಗಲ ಸುಟ್ಟಿದೆ. ಆರು ವರ್ಷದಲ್ಲಿ ಎಷ್ಟು ಸಲ ಒಗೆದರೂ ಡೀಸೆಲ್ ವಾಸನೆ ಹೋಗಿಲ್ಲ. ಅಮ್ಮ ಅದನ್ನು ಯಾರಿಗೂ ಹೊದೆಯಲು ಕೊಡುವುದಿಲ್ಲ. "ಇದ ಒದ್ಕಂಡು ಮನಗುದ್ರ ಕನಸಲ್ಲಿ ಬರೀ ಪೆಟ್ರೋಲ್ ಬಂಕೇ ಬತ್ತದ" ಎನ್ನುತ್ತಾಳೆ. ನಾನು ಹೊದ್ದು ನೋಡಿದೆ. ಬಂಕು ಬರಲಿಲ್ಲ, ಮಾದಣ್ಣ ಬಂದ. ಅದಕ್ಕೇ ಬರೆಯಲು ಕೂತೆ.

ಕೊಳ್ಳೇಗಾಲದ ಚಳಿ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಇಲ್ಲಿ ವರ್ಷಕ್ಕೆ ಹತ್ತು ತಿಂಗಳು ಸೆಕೆ, ಒಂದು ತಿಂಗಳು ಅದಕ್ಕಿಂತ ಸೆಕೆ, ಮಿಕ್ಕ ಒಂದು ತಿಂಗಳು ನಾವೆಲ್ಲ ಈಗಲೋ ಆಗಲೋ ಸಾಯುವವರ ಹಾಗೆ ಆಡುತ್ತೇವೆ. ನನ್ನ ಸೋದರಮಾವ ಪುಟ್ಟಸ್ವಾಮಿ ದೀಪಾವಳಿಯ ಮಾರನೇ ದಿನ ಮಂಕಿ ಕ್ಯಾಪು ಏರಿಸಿದರೆ ಇಳಿಸುವುದು ಶಿವರಾತ್ರಿ ಜಾಗರಣೆಯ ಬೆಳಿಗ್ಗೆ. ನಡುವೆ ಅವರ ಮುಖದಲ್ಲಿ ಲೋಕಕ್ಕೆ ಕಾಣುವುದು ಎರಡು ಕಣ್ಣು, ಒಂದು ಮೂಗು. ಆ ಮೂಗೂ ಸದಾ ಕಟ್ಟಿರುತ್ತದೆ. ಎದುರು ಮನೆಯ ಮಗ್ಗದವರು ಮಾತ್ರ ಈ ಚಳಿಗೆ ಮರ್ಯಾದೆ ಕೊಡುವುದಿಲ್ಲ. ಬೆಳಗಿನ ಜಾವಕ್ಕೇ ಗುಂಡಿಯಲ್ಲಿ ಕಾಲಿಳಿಸಿ ಕೂತು ಟಕ್ ಟಕ್ ಶುರು ಮಾಡುತ್ತಾರೆ. ಅವರ ಮನೆಯ ಲಕ್ಷ್ಮಮ್ಮನವರು ಎಳೆ ಕಡಿದರೆ ಮಗ್ಗವನ್ನು ತೆಲುಗಿನಲ್ಲಿ ಬಯ್ಯುತ್ತಾರೆ, ಗಂಡನನ್ನು ಕನ್ನಡದಲ್ಲಿ. ಎರಡನ್ನೂ ನಾನು ಹಾಗೇ ಹೇಳಬಲ್ಲೆ. ಒಮ್ಮೆ ಗೋಡೆಯ ಈಚೆ ನಿಂತು ಅವರ ದನಿಯಲ್ಲಿ "ಇನ್ನೂ ಕಾಪಿ ಕುಡ್ದಾಗ್ನಿಲ್ವ?" ಎಂದೆ. ಆ ಬಡಪಾಯಿ ಗಂಡ ಅರ್ಧ ಲೋಟ ಕೆಳಗಿಟ್ಟು ಮಗ್ಗಕ್ಕೆ ಓಡಿದರಂತೆ. ಆ ಸಂಜೆ ನನ್ನ ಬೆನ್ನ ಮೇಲೆ ಅಮ್ಮ ತಾನೇ ಒಂದು ಸೀರೆ ನೇಯ್ದಳು.

ಹುಟ್ಟುಗುಣ, ಏನು ಮಾಡಲಿ? ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ ಕೆಮ್ಮು ಕೆಮ್ಮಿ ಮೂರು ತರಗತಿಗಳನ್ನು ಒಟ್ಟಿಗೆ ಎದ್ದು ನಿಲ್ಲಿಸಿದ್ದೆ. ಮನುಷ್ಯರು ಮುಗಿದ ಮೇಲೆ ಗಾಡಿಗಳಿಗೆ ಕೈ ಹಾಕಿದೆ. ಮಾವನ ಲಾರಿ ಮುಂಜಾನೆ ಸ್ಟಾರ್ಟ್ ಆಗುವ ಸದ್ದು ನನ್ನ ಮಿಮಿಕ್ರಿ ಕಚೇರಿಯ ಮುಖ್ಯ ಐಟಂ. ಮೊದಲು ಅಜ್ಜ ಗಂಟಲು ಸರಿಮಾಡಿಕೊಂಡ ಹಾಗೆ ಗರ್ರ್, ಆಮೇಲೆ ಒಣಕೆಮ್ಮು, ಆಮೇಲೆ ಸ್ವಲ್ಪ ಹೊತ್ತು ಯೋಚನೆ, ಮತ್ತೆ ಕೆಮ್ಮು, ಒಂದು ದೊಡ್ಡ ಸೀನು, ಅದರೊಂದಿಗೆ ಬಿಳೀ ಹೊಗೆ. ಹೊಗೆಗೆ ನಾನು ಬೀಡಿ ಬಳಸುತ್ತಿದ್ದೆ. ಕಲೆಗಾಗಿ ಮಾತ್ರ.

ಆ ಲಾರಿಯನ್ನು ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದವನು ಮಾದಣ್ಣ. ಯಳಂದೂರಿನ ಕಡೆಯವನು. ದೇಹ ಆನೆಯದು, ದನಿ ಅಳಿಲಿನದು. ದೇವರು ಯಾರದ್ದೋ ಪಾರ್ಸೆಲ್ ಯಾರಿಗೋ ಕೊಟ್ಟುಬಿಟ್ಟಿದ್ದ. ಮಾತಿಗೆ ಮೊದಲು ಎರಡು ಸಲ ನೆಲ ನೋಡಿ, ಒಂದು ಸಲ ತುಟಿ ಒರೆಸಿ, "ಅದ್ಯಾನಪ್ಪ ಅಂದ್ರ..." ಎಂದು ಆರಂಭಿಸುವನು. ಅದ್ಯಾನು ಎಂದು ಅವನು ಹೇಳುವಷ್ಟರಲ್ಲಿ ಕೇಳಿದವರು ಹೊರಟುಹೋಗಿರುತ್ತಿದ್ದರು. ನಕಲಿ ಮಾಡುವವನಿಗೆ ಇದಕ್ಕಿಂತ ಹಬ್ಬದೂಟ ಬೇಕೆ? ಮದುವೆ ಮನೆಯಲ್ಲಿ, ಮಂಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲಿ ಹೋದರೂ "ಲೇ ಕುಮಾರ, ಒಸಿ ಮಾದನ್ನ ಬುಡ್ಲಾ" ಎನ್ನುವರು. ನಾನು ಬಿಡುತ್ತಿದ್ದೆ. ಮಾವ ಮಂಕಿ ಕ್ಯಾಪಿನೊಳಗೇ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಮಾದಣ್ಣ ಎದುರಿಗಿದ್ದರೆ ಅವನೂ ನಗುತ್ತಿದ್ದ. ನಗದೆ ಏನು ಮಾಡಿಯಾನು, ನಗುತ್ತಿದ್ದವರು ಸಾವ್ಕಾರರು.

ನನಗೆ ಆಗ ಇಪ್ಪತ್ತೊಂದು. ಬಿ.ಕಾಂ.ನಲ್ಲಿ ಅಕೌಂಟೆನ್ಸಿಯೂ ನಾನೂ ಒಬ್ಬರನ್ನೊಬ್ಬರು ಕೈಬಿಟ್ಟಿದ್ದೆವು. ಹೆವಿ ಲೈಸೆನ್ಸು ಹೊಸದಾಗಿ ಕೈಗೆ ಬಂದಿತ್ತು. ಅದನ್ನು ಜೇಬಿನಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ಓಡಾಡುತ್ತಿದ್ದೆ. ಮಾವನ ಲಾರಿಯ ಸ್ಟಿಯರಿಂಗ್ ಮೇಲೆ ನನ್ನ ಕಣ್ಣಿತ್ತು. ಆದರೆ ಅದರ ಹಿಂದೆ ಮಾದಣ್ಣ ಕೂತಿದ್ದ. ಅವನು ಕೂತರೆ ಪಕ್ಕದಲ್ಲಿ ಗಾಳಿಗೂ ಜಾಗವಿಲ್ಲ. ಇದೂ ಒಪ್ಪಿಗೆಯ ಭಾಗವೇ, ಬರೆದುಕೊಳ್ಳಿ.

ಆ ವರ್ಷದ ಮಾಘಮಾಸದಲ್ಲಿ ಚಳಿ ನಿಜಕ್ಕೂ ಸ್ವಲ್ಪ ಜೋರಿತ್ತು. ಲಾರಿ ದಿನವೂ ಬೆಳಿಗ್ಗೆ ಹಟ ಮಾಡತೊಡಗಿತು. ಮಾದಣ್ಣ ಬಾನೆಟ್ ಎತ್ತಿ, ಒಂದು ಬೋಲ್ಟು ಸಡಿಲಿಸಿ, ಎಂಜಿನ್ ಪಕ್ಕದ ಕೈಪಂಪನ್ನು ಹೆಬ್ಬೆರಳಲ್ಲಿ ಒತ್ತುತ್ತ ಕೂರುವನು. ಮೊದಲು ಬುಳುಬುಳು ನೊರೆ ಬರುತ್ತದೆ. ಪೈಪಿನೊಳಗಿನ ಗಾಳಿ ಅದು. ನೊರೆ ನಿಂತು ಡೀಸೆಲ್ ಸರಾಗ ಬಂದಾಗ ಬೋಲ್ಟು ಬಿಗಿದರೆ ಪಂಪಿಗೆ ಪ್ರೆಷರ್ ಸಿಗುತ್ತದೆ, ಗಾಡಿ ಹತ್ತುತ್ತದೆ. ಇದಕ್ಕೆ 'ಏರ್ ತೆಗೆಯೋದು' ಎಂದು ಹೆಸರು. ಮಾದಣ್ಣ ಇದನ್ನು ಮಗುವಿಗೆ ತೇಗು ಬರಿಸುವ ತಾಯಿಯ ಹಾಗೆ, ಅವಸರವಿಲ್ಲದೆ ಮಾಡುತ್ತಿದ್ದ. ಮಾವನಿಗೆ ಅದು ತಡ. ತಡವಾದರೆ ಅನುಮಾನ. "ಅದೇ ಲಾರಿ, ಅದೇ ಬಂಕು. ಓದ್ ವರ್ಸ ಇಲ್ದ ರೋಗ ಈ ವರ್ಸ ಯಾಕ್ಲಾ ಬಂತು?" ಎಂದು ನನ್ನ ಬಳಿ ಗೊಣಗುವರು.

ಇಂಥ ಹೊತ್ತಿಗೆ ನಮ್ಮ ಬೀದಿಯ ನಾಗರಾಜ ರಜಕ್ಕೆ ಬಂದ. ಮಿಲಿಟರಿಯಲ್ಲಿ ಟ್ರಕ್ ಓಡಿಸುವವನು, ಹಿಮದ ಬೆಟ್ಟದ ಮೇಲೆ. ಅವನ ಜಗಲಿಯಲ್ಲಿ ದಿನಾ ದರ್ಬಾರು. ನಾವೆಲ್ಲ ಸ್ವೆಟರ್ ಹಾಕಿ ಕೂತಿದ್ದರೆ ಅವನು ಬನಿಯನ್ನಿನಲ್ಲಿ ಕೂತು ಬೀಸಣಿಗೆ ಕೇಳುವನು.

"ಇದ್ಯಾವ ಚಳಿ ಕಣ್ರಲಾ? ಅಲ್ಲಿ ಉಚ್ಚ ಉಯ್ದುದ್ರ ನೆಲ ಮುಟ್ಟಗಂಟ ಕಡ್ಡಿ ಆಯ್ತದ, ಮುರ್ಕಂಡು ಬರ್ಬೇಕು!"

"ಡೀಸೆಲ್ಲು?" ಎಂದು ಕೇಳಿದೆ.

"ತುಪ್ಪ ಆಯ್ತದ ಕಣ್ಲಾ, ತುಪ್ಪ! ಪೈಪಲ್ಲಿ ಗರಣೆ ಕಟ್ಕತದ. ಪ್ರೆಷರ್ ಮುಳ್ಳು ಮಲಗ್ಬುಡ್ತದ. ಟ್ಯಾಂಕಿಗೆ ಬೆಚ್ಚಗ ಒದುಸ್ಬೇಕು, ಅಡಿಗ ಬಿಸಿ ಕೊಡ್ಬೇಕು. ಸುಮ್ನ ಅಂದ್ಕಬುಟ್ರಾ?"

ನನಗೆ ಜ್ಞಾನೋದಯವಾಯಿತು. ಹಿಮದ ಬೆಟ್ಟಕ್ಕೂ ಕೊಳ್ಳೇಗಾಲಕ್ಕೂ ಇರುವ ವ್ಯತ್ಯಾಸವನ್ನು ಆ ಜ್ಞಾನೋದಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾರನೇ ಸಂಜೆಯೇ, ಸತ್ತೇಗಾಲದಿಂದ ತೆಂಗಿನಕಾಯಿ ತುಂಬಿ, ಬಂಕಿನಲ್ಲಿ ಟ್ಯಾಂಕು ತುಂಬಿಸಿಕೊಂಡು ಬಂದ ಲಾರಿ ಮಾವನ ಮನೆ ಮುಂದೆ ನಿಂತಾಗ, ಕಂಬಳಿ ಹಿಡಿದು ಹೊರಟೆ. ನಾಗರಾಜ ಹೇಳಿದ್ದು ಹೊದಿಸುವುದಷ್ಟನ್ನೇ. ಮಿಕ್ಕದ್ದು ನನ್ನ ಸ್ವಂತ ಸಂಶೋಧನೆ. ಟ್ಯಾಂಕಿನ ಮುಚ್ಚಳ ನೋಡುತ್ತೇನೆ, ಅದರಲ್ಲೊಂದು ಸಣ್ಣ ತೂತು! ಜೋಳದ ಕಾಳು ಹೋಗದಷ್ಟು ಸಣ್ಣದು. ಆಹಾ, ಚಳಿ ಒಳಕ್ಕೆ ನುಗ್ಗುವ ಕಳ್ಳಗಿಂಡಿ ಇದೇ ಎಂದುಕೊಂಡೆ. ಲಾರಿ ಮಾಡಿದ ಎಂಜಿನಿಯರ್‌ಗಳಿಗೆ ಹೊಳೆಯದ್ದು ನನಗೆ ಹೊಳೆದಿತ್ತು. ಕವರು ಸುತ್ತಿದೆ, ಟ್ಯೂಬು ಬಿಗಿದೆ, ಕಂಬಳಿ ಹೊದಿಸಿದೆ.

ಬೆಳಿಗ್ಗೆ ಮಾದಣ್ಣ ಬಂದು ನೋಡಿದ. ನೆಲ ನೋಡಿದ. ತುಟಿ ಒರೆಸಿದ. "ಅದ್ಯಾನಪ್ಪ ಅಂದ್ರ... ಟ್ಯಾಂಕ್ ಯಾನು ಬಾಣಂತಿಯಾ?"

"ಬುಚ್ಬ್ಯಾಡ ಮಾದ, ಇರ್ಲಿ" ಎಂದರು ಮಾವ. ಕಂಬಳಿಯ ಅಂಚನ್ನು ಅವರೇ ಇನ್ನಷ್ಟು ಒಳಕ್ಕೆ ಸಿಕ್ಕಿಸಿದರು. ಚಳಿಯ ವಿಷಯದಲ್ಲಿ ಅವರಿಗೆ ಟ್ಯಾಂಕಿನ ಮೇಲೆ ಸಹೋದರಭಾವ. "ನಮ್ ಕುಮಾರ ಎಂಗೆ ಯೋಚ್ನ ಮಾಡವ್ನ ನೋಡು. ನೀನೂ ಇದ್ದೀಯೆ."

ಅಂದು ಹನೂರಿನ ಸಂತೆ. ವ್ಯಾಪಾರದ ಜೊತೆಗೆ ಡ್ರೈವರನ್ನೂ ಕಣ್ಣಾರೆ ನೋಡುತ್ತೇನೆಂದು ಮಾವ ಕಿಟಕಿ ಪಕ್ಕ ಹತ್ತಿದರು. ನಡುವೆ ನಾನು. ಲಾರಿ ಎರಡೇ ಕೆಮ್ಮಿಗೆ ಸ್ಟಾರ್ಟಾಯಿತು! ಮಾವ ನನ್ನ ಬೆನ್ನು ತಟ್ಟಿದರು. ನಾನು ಜೇಬಿನ ಲೈಸೆನ್ಸನ್ನು ಇನ್ನೊಂದು ಚೂರು ಮೇಲಕ್ಕೆ ಸರಿಸಿದೆ.

ಊರು ದಾಟಿ ಮೂರು ಮೈಲಿ ಹೋಗಿರಬೇಕು. ಲಾರಿಯ ಕಾಲಿನ ಕಸುವು ತೆಗೆದ ಹಾಗಾಯಿತು. ಮಾದಣ್ಣ ಗೇರು ಇಳಿಸಿದ, ಮತ್ತೆ ಇಳಿಸಿದ. ಎಂಜಿನ್ ಗುಕ್ ಎಂದಿತು, ಎಳೆಯಿತು, ಮತ್ತೆ ಗುಕ್, ಗುಕ್ ಎಂದು ಬಿಕ್ಕಿ ನಿಂತಿತು.

"ಗರಣೆ ಕಟ್ಟದ" ಎಂದೆ ನಾನು ಪಂಡಿತನ ಹಾಗೆ.

ಲಾರಿಯಲ್ಲಿದ್ದ ಒಣಗರಿ ಎಳೆದು ಬೆಂಕಿ ಹಾಕಿದೆವು. ಮಾವ ಟ್ಯಾಂಕಿನ ಅಡಿಗೇ ಹಾಕು ಎಂದರು. ಮಾದಣ್ಣ ಮೊದಲ ಸಲ ನೆಲ ನೋಡದೆ ಮಾತಾಡಿದ: "ಬ್ಯಾಡಿ ಸಾವ್ಕಾರ್ರೆ, ಮೂರೂ ಜನ ಒಟ್ಗೇ ಮೇಲಕ್ಕ ಓಯ್ತೀವಿ." ಬೆಂಕಿಯನ್ನು ಕಾಲಲ್ಲಿ ಎಂಜಿನ್ ಕಡೆಗೆ ತಳ್ಳಿದ. ಆಗಲೇ ಒಂದು ಕಿಡಿ ಹಾರಿ ಕಂಬಳಿಯ ಮೂಲೆ ಸುಟ್ಟದ್ದು. ಅವನು ಏರ್ ತೆಗೆದ, ಕೈಪಂಪು ಒತ್ತಿದ. "ಪಂಪು ಎಳೀತಾನೇ ಇಲ್ವಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಅರ್ಧ ಗಂಟೆ ಕಳೆದ ಮೇಲೆ ಹೇಗೋ ಸ್ಟಾರ್ಟಾಯಿತು. ಮಾವ ಬೆಂಕಿಯನ್ನು ಹೊಗಳಿದರು.

ಮತ್ತೆ ಮೂರು ಮೈಲಿ. ಮತ್ತೆ ಗುಕ್, ಗುಕ್. ಈ ಸಲ ಬಿಸಿಲು ಬಂದಿತ್ತು, ನನ್ನ ಸ್ವೆಟರ್ ಸೊಂಟಕ್ಕಿಳಿದಿತ್ತು. ಈ ಬಿಸಿಲಲ್ಲಿ ಗರಣೆ ಕಟ್ಟುವುದೆಂದರೆ ತುಪ್ಪಕ್ಕೂ ನಾಚಿಕೆ. ಮಾವನ ತಲೆ ಬೇರೆ ದಿಕ್ಕಿಗೆ ತಿರುಗಿತು. ಮಾದಣ್ಣ ಸಡಿಲಿಸಿದ್ದ ಬೋಲ್ಟಿನ ಕೆಳಗೆ ಬೆರಳು ಹಿಡಿದು, ಒದ್ದೆ ಮಾಡಿಕೊಂಡು, ಮಂಕಿ ಕ್ಯಾಪಿನ ತೂತಿಗೆ ತಂದು ಮೂಸಿದರು.

"ಸೀಮೆಎಣ್ಣೆ" ಎಂದರು.

ಆ ಮೂಗಿಗೆ ದೀಪಾವಳಿಯಿಂದ ಈಚೆಗೆ ಬೆಳ್ಳುಳ್ಳಿ ಒಗ್ಗರಣೆಯೂ ಗೊತ್ತಾಗಿರಲಿಲ್ಲ. ನನಗೆ ಅದು ಗೊತ್ತಿತ್ತು. ಸ್ವೆಟರಿನ ತೋಳನ್ನು ಸೊಂಟಕ್ಕೆ ಇನ್ನಷ್ಟು ಬಿಗಿದುಕೊಂಡೆ.

ಮಾವ ಕ್ಯಾಬಿನ್ನಿಗೆ ಕೈಹಾಕಿ ಸೀಟಿನ ಕೆಳಗಿನಿಂದ ಒಂದು ಕ್ಯಾನು ಎಳೆದರು. ದಾರಿಯಲ್ಲಿ ಅನ್ನ ಬೇಯಿಸಿಕೊಳ್ಳಲು ಮಾದಣ್ಣ ಇಟ್ಟುಕೊಂಡಿದ್ದ ಸ್ಟೌವಿನದು. "ಇದ್ಯಾನ್ಲಾ ಇದು? ಡೀಸೆಲ್ ಕದ್ದು ಮಾರ್ಕಂಡು, ಟ್ಯಾಂಕಿಗ ಇದ ಸುರೀತಿದ್ದೀಯ? ಅದ್ಕೇ ಪ್ರೆಷರ್ ಬತ್ತಾ ಇಲ್ಲ, ಅಲ್ವ?"

ಮಾದಣ್ಣ ನೆಲ ನೋಡಿದ. ಮತ್ತೆ ನೆಲ ನೋಡಿದ. ತುಟಿ ಒರೆಸಿದ. "ಅದ್ಯಾನಪ್ಪ ಅಂದ್ರ... ನಾನು ಅಂಗ..."

ಇಲ್ಲಿ ನಾನು ಮಾಡಿದ್ದನ್ನು ಬರೆಯಲೇಬೇಕು. ಪಕ್ಕದಲ್ಲಿ ನಿಂತಿದ್ದ ನಾನು, ಅಭ್ಯಾಸಬಲದಿಂದ, ನೆಲ ನೋಡಿದೆ. ಮತ್ತೆ ನೋಡಿದೆ. ತುಟಿ ಒರೆಸಿದೆ. ಅವನದೇ ಅಳಿಲು ದನಿಯಲ್ಲಿ "ಅದ್ಯಾನಪ್ಪ ಅಂದ್ರ ಸಾವ್ಕಾರ್ರೆ, ನಾನಲ್ಲ, ನಮ್ ಸ್ಟೌವು ರಾತ್ರ ಎದ್ದೋಗಿ ಕುಡ್ಕ ಬುಡ್ತದ" ಎಂದೆ. ಅಷ್ಟು ಕೋಪದಲ್ಲಿದ್ದ ಮಾವ ಬುರ್ರೆಂದು ನಕ್ಕುಬಿಟ್ಟರು. ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ನೋಡುತ್ತಿದ್ದ ಇಬ್ಬರೂ ನಕ್ಕರು. ಮಾದಣ್ಣನ ಬಾಯಿ ಅಲ್ಲಾಡುತ್ತಲೇ ಇತ್ತು. ಏನು ಹೇಳಿದನೋ ನಮ್ಮ ನಗೆಯಲ್ಲಿ ಕೇಳಿಸಲಿಲ್ಲ. ಈ ಸಲ ಅವನು ನಗಲಿಲ್ಲ.

ನಗು ಮುಗಿಸಿ ಮಾವ ತೀರ್ಪು ಕೊಟ್ಟರು: "ಅನೂರ್ಗ ಓದೇಟ್ಗ ಕೀ ಕೊಟ್ಬುಟ್ಟು ಇಳುದ್ಬುಡು ಮಾದ. ವಾಪಸ್ ಗಾಡಿ ಕುಮಾರ ಓಡುಸ್ತನ." ನನ್ನ ಎದೆ ಎರಡು ಗೇರು ಒಮ್ಮೆಗೇ ಏರಿತು. ಮಾದಣ್ಣ ಅನ್ನ ಕಳೆದುಕೊಳ್ಳುತ್ತಿದ್ದಾನೆ ಎಂಬುದು ಆ ಸಂತೋಷಕ್ಕೆ ಕಾಣಿಸಲೇ ಇಲ್ಲ.

ಮೂರನೆಯ ಸಲ ಲಾರಿ ನಿಂತದ್ದು ಕಾಮಗೆರೆ ದಾಟಿ, ಚಿಕ್ಕತಾಯಜ್ಜಿಯ ಟೀ ಅಂಗಡಿಯ ನೇರಕ್ಕೆ. ಮಾದಣ್ಣ ಬಾನೆಟ್ ಎತ್ತಿದ. ಮಾವನೂ ನಾನೂ ಬೆಂಚಿನ ಮೇಲೆ ಕೂತೆವು. ಅಜ್ಜಿ ಬೋಂಡಕ್ಕೆ ಕಡಲೆಹಿಟ್ಟು ಕಲಸುತ್ತಿದ್ದಳು, ಕೈಯೆಲ್ಲ ಹಿಟ್ಟು. ಮುಂದೆ ಹೊಸದೊಂದು ಎಣ್ಣೆ ತಗಡಿನ ಡಬ್ಬ.

"ಲೇ ಮೊಗ, ಸುಮ್ನ ಕುಂತಿದ್ದಯಲ್ಲ, ಆ ಡಬ್ಬುಕ್ಕ ಮೊಳೆ ಒಡ್ದು ಬಾಣ್ಲಿಗ ಒಸಿ ಎಣ್ಣ ಬುಡು" ಎಂದಳು.

ಮೊಳೆ ಇಟ್ಟು ಕಲ್ಲಿನಿಂದ ಒಂದು ತೂತು ಹೊಡೆದೆ. ಡಬ್ಬ ಬಗ್ಗಿಸಿದೆ. ಎಣ್ಣೆ ಚೆನ್ನಾಗಿಯೇ ಬಂತು. ಆಮೇಲೆ ಗುಕ್ ಎಂದಿತು. ಸ್ವಲ್ಪ ಬಂತು. ಗುಕ್, ಗುಕ್. ನಿಂತಿತು.

ನನ್ನ ಕೈ ಅಲ್ಲೇ ನಿಂತಿತು. ನನಗೆ ಲೆಕ್ಕ ಬರುವುದಿಲ್ಲ, ವಿಜ್ಞಾನವೂ ಬರುವುದಿಲ್ಲ. ಆದರೆ ಒಂದು ಸದ್ದು ಕೇಳಿದರೆ ಅದನ್ನು ಹಿಂದೆ ಎಲ್ಲಿ ಕೇಳಿದ್ದೆ ಎಂಬುದು ಮಾತ್ರ ತಪ್ಪುವುದಿಲ್ಲ. ಆ ಬೆಳಿಗ್ಗೆ ಮೂರು ಸಲ ಕೇಳಿದ್ದೆ.

"ಅಯ್ಯೋ ದಡ್ ಮುಂಡೇದೆ!" ಅಜ್ಜಿ ಹಿಟ್ಟಿನ ಕೈಯಲ್ಲೇ ತಲೆಗೆ ಮೊಟಕಿದಳು. "ಒಂದೇ ತೂತ ಒಡುದ್ರ ಎಣ್ಣ ಎಂಗ್ಲಾ ಬತ್ತದ? ಆ ಕಡ ಮೂಲಗ ಇನ್ನೊಂದ ಒಡಿ. ಒಳಕ್ಕ ಗಾಳಿ ಓದ್ರ ತಾನೆ ಈಚ್ಗ ಎಣ್ಣ ಬರೂದು! ನಿಮ್ಮವ್ವ ಯಾನೂ ಕಲ್ಸಿಲ್ವ ನಿನ್ಗ?"

ನಮ್ಮವ್ವ ಕಲಿಸಿದ್ದಳು. ಟ್ಯಾಂಕಿನ ಎರಡನೇ ತೂತನ್ನು ಲಾರಿ ಮಾಡಿದವರೂ ಮುಚ್ಚಳದಲ್ಲೇ ಕೊಟ್ಟಿದ್ದರು. ಚಳಿ ನುಗ್ಗುವ ಕಳ್ಳಗಿಂಡಿಯೆಂದು ಅದರ ಮೂಗುಬಾಯಿ ಕಟ್ಟಿದವನು ನಾನು. ಒಳಗೆ ಗಾಳಿ ಹೋಗದೆ, ಪಂಪು ಎಷ್ಟೆಳೆದರೂ ಡೀಸೆಲ್ ಬರದೆ, ಲಾರಿ ಉಸಿರುಕಟ್ಟಿ ನಿಲ್ಲುತ್ತಿತ್ತು. ನಾವು ಬೆಂಕಿ ಹಾಕಿ, ಜಗಳವಾಡಿ, ನಕ್ಕು ಮುಗಿಸುವಷ್ಟರಲ್ಲಿ ಕವರಿನ ಸಂದಿಯಿಂದ ಒಂದಿಷ್ಟು ಗಾಳಿ ಕಳ್ಳಹೆಜ್ಜೆಯಲ್ಲಿ ಒಳಸೇರಿ, ಮತ್ತೆ ಮೂರು ಮೈಲಿಗೆ ಜೀವ ಬರುತ್ತಿತ್ತು.

ಎದ್ದು ಲಾರಿಯ ಆ ಬದಿಗೆ ಹೋದೆ. ಕಂಬಳಿ ಸರಿಸಿ ಟ್ಯೂಬು ಬಿಚ್ಚಿ ಕವರು ಎಳೆದೆ. ಟ್ಯಾಂಕು ಹುಸ್ಸ್ ಎಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಮುಳುಗುತ್ತಿದ್ದವನು ನೀರಿನ ಮೇಲೆ ತಲೆ ಎತ್ತಿದ ಹಾಗೆ. ಅದೊಂದನ್ನು ಇವತ್ತಿಗೂ ನಕಲು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಕವರನ್ನೂ ಟ್ಯೂಬನ್ನೂ ಪ್ಯಾಂಟಿನ ಜೇಬಿಗೆ ತುರುಕಿ, ಏನೂ ಅರಿಯದವನ ಮುಖ ಮಾಡಿಕೊಂಡು ಬಂದು ಬೋಂಡ ತಿಂದೆ. ಹೇಳಿದ್ದರೆ ಅಲ್ಲೇ ಹೇಳಬಹುದಿತ್ತು. ಬೋಂಡ ಬಿಸಿಯಿತ್ತು.

ಅಲ್ಲಿಂದ ಲಾರಿ ಹೂವೆತ್ತಿದ ಹಾಗೆ ಓಡಿತು. ಹನೂರಿನವರೆಗೆ ಒಂದು ಸೀನೂ ಇಲ್ಲ. ಬಿಡುಗಡೆಯಾಯಿತಲ್ಲ, ಇನ್ನು ಮಾವನ ಕೋಪ ಇಳಿಯುತ್ತದೆ ಎಂದು ಎಣಿಸಿದ್ದೆ. ಮಾವನ ತರ್ಕ ಬೇರೆ ದಾರಿ ಹಿಡಿದಿತ್ತು: "ನೋಡ್ದಾ? ಸೀಮೆಎಣ್ಣೆ ಎಲ್ಲ ಸುಟ್ಟೋಯ್ತು, ಈಗ ಡೀಸೆಲ್ ಬತ್ತಾದೆ."

ಸಂತೆಮಾಳದಲ್ಲಿ ಕಾಯಿ ಇಳಿಸಿದ ಮೇಲೆ ಮಾವ ಕೈ ಚಾಚಿದರು. ಮಾದಣ್ಣ ಕೀ ಕೊಟ್ಟ. ಮಾವ ಅದನ್ನು ನನ್ನ ಕೈಗಿಟ್ಟರು. ತಿಂಗಳುಗಟ್ಟಲೆ ಕನಸು ಕಂಡ ಕೀ ಅದು. ಕೈಯಲ್ಲಿ ಬೆಚ್ಚಗಿತ್ತು, ಅವನ ಜೇಬಿನ ಬಿಸಿ. ಅವನು ಕ್ಯಾಬಿನ್ನಿನಿಂದ ತನ್ನ ಸಾಮಾನು ಇಳಿಸತೊಡಗಿದ. ಸ್ಟೌವು. ಒಂದು ಪಾತ್ರೆ, ಅದರೊಳಗೆ ಉಪ್ಪಿನ ಪೊಟ್ಟಣ. ದಿಂಬು. ಗಾಜಿಗೆ ಅಂಟಿಸಿದ್ದ, ಬೆಟ್ಟದ ದೇವರು ಮಾದಪ್ಪನ ಪಟವನ್ನು ಉಗುರಿನಲ್ಲಿ ಮೆಲ್ಲಗೆ ಎಬ್ಬಿಸುತ್ತಿದ್ದ, ಹರಿಯದ ಹಾಗೆ. ಹದಿನಾಲ್ಕು ವರ್ಷದ ಅಂಟು, ಬೇಗ ಬರುತ್ತಿರಲಿಲ್ಲ.

"ಮಾವ, ನಾನೇ ಮಾಡಿದ್ದು" ಎಂದೆ.

"ಯಾನ?"

ಹೇಳಿದೆ. ತೂತು, ಕವರು, ಟ್ಯೂಬು, ಎಣ್ಣೆ ಡಬ್ಬ, ಎಲ್ಲ. ಹೇಳುತ್ತಾ ಹೇಳುತ್ತಾ, ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಅಜ್ಜಿಯ ಭಾಗ ಅಜ್ಜಿಯ ದನಿಯಲ್ಲೂ ಲಾರಿಯ ಭಾಗ ಲಾರಿಯ ದನಿಯಲ್ಲೂ ಬಂದುಬಿಟ್ಟಿತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಯಿ ಕೊಂಡ ವ್ಯಾಪಾರಿಯನ್ನು ಕರೆದು "ಇನ್ನೊಂದ್ಸಲ ಏಳ್ಲಾ ಕುಮಾರ, ಇವ್ರೂ ಕೇಳ್ಲಿ" ಎಂದರು.

"ಮಾವ, ಇದು ಆಟ ಅಲ್ಲ, ನಿಜ!"

"ಊಂ ಕನಪ್ಪ ನಿಜ. ಒಳ್ಳೇ ಮನ್ಸು ನಿಂದು, ಅವ್ನ ಉಳ್ಸಕ್ಕ ನೋಡ್ತಿದ್ದೀಯೆ."

ಇಪ್ಪತ್ತೊಂದು ವರ್ಷ ಸುಳ್ಳು ದನಿಗಳಲ್ಲಿ ಬದುಕಿದವನಿಗೆ ಆ ದಿನ ನಿಜ ಹೇಳಲು ದನಿಯಿರಲಿಲ್ಲ. ಕೊನೆಗೆ ಮಾವನ ತೋಳು ಹಿಡಿದು ಟ್ಯಾಂಕಿನ ಹತ್ತಿರ ಎಳೆದುಕೊಂಡು ಹೋದೆ. ಜೇಬಿನಿಂದ ಕವರು ತೆಗೆದೆ, ಸುತ್ತಿದೆ. ಟ್ಯೂಬು ತೆಗೆದೆ, ಬಿಗಿದೆ. ಮಾದಣ್ಣ ಪಟದಿಂದ ಕೈ ತೆಗೆದು ನನ್ನನ್ನೇ ನೋಡುತ್ತಿದ್ದ. ಮೂವರೂ ಹತ್ತಿದೆವು. ನಾನೇ ಓಡಿಸಿದೆ, ಶಾಗ್ಯದ ದಾರಿ ಹಿಡಿದು.

ಲಾರಿ ಓಡಿತು. ಓಡುತ್ತಲೇ ಇತ್ತು. ಒಂದು ಮೈಲಿ, ಎರಡು ಮೈಲಿ, ಮೂರು. ಖಾಲಿ ಲಾರಿ, ಬಿಸಿಲು, ಇಳಿಜಾರು; ಅದಕ್ಕೆ ಆ ಹೊತ್ತಿನಲ್ಲೇ ಹುರುಪು ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ ಮಾವನ ಲಾರಿ ಓಡಿಸುತ್ತಿದ್ದೆ, ಮತ್ತು ಅದು ಕೆಟ್ಟು ನಿಲ್ಲಲಿ ಎಂದು ಮಾದಪ್ಪನಿಗೆ ಹರಕೆ ಹೊರುತ್ತಿದ್ದೆ. ಅರ್ಧ ಎದ್ದ ಪಟದಿಂದ ಆತ ಓರೆಯಾಗಿ ನನ್ನ ಕಡೆಗೇ ನೋಡುತ್ತಿದ್ದ.

"ಯಾನ್ಲಾ, ಗೋಪಿನಾಥಂಗಂಟ ಓಗಣ್ವ?" ಎಂದರು ಮಾವ. "ಏಳ್ನಿಲ್ವ ನಾನು? ಗಾಡಿ ಚಿನ್ನ. ಡ್ರೈವರ್ ಸರ್ಯಾಗಿದ್ರ..."

ಗುಕ್.

ಗುಕ್, ಗುಕ್. ಲಾರಿ ಒಂದು ಹುಣಸೆಮರದ ಕೆಳಗೆ ನಿಂತಿತು. ಇಳಿದು ಟ್ಯೂಬು ಬಿಚ್ಚಿದೆ. ಹುಸ್ಸ್ ಎಂದು ಎಳೆದುಕೊಂಡ ಉಸಿರು ಮೂವರಿಗೂ ಕೇಳಿಸಿತು. ಮಾದಣ್ಣ ಬಂದು, ಒಂದು ನಿಮಿಷ ಕೈಪಂಪು ಒತ್ತಿ ಏರ್ ತೆಗೆದ. ಹತ್ತಿ ಸೆಲ್ಫ್ ಹೊಡೆದ. ಮೊದಲ ಸಲಕ್ಕೇ ಸ್ಟಾರ್ಟಾಯಿತು. ಅವನು ಸ್ಟಿಯರಿಂಗ್ ಹಿಂದೆ ಕೂತದ್ದನ್ನು ನಾನೂ ಆಕ್ಷೇಪಿಸಲಿಲ್ಲ, ಮಾವನೂ ಆಕ್ಷೇಪಿಸಲಿಲ್ಲ.

ಮಾವ ಮಂಕಿ ಕ್ಯಾಪು ತೆಗೆದರು. ಶಿವರಾತ್ರಿಗೆ ಇನ್ನೂ ದಿನವಿತ್ತು. ಬೋಳುತಲೆಯ ಬೆವರು ಒರೆಸಿಕೊಂಡು, ಅದನ್ನು ಕೈಯಲ್ಲಿ ಹಿಂಡುತ್ತ, ತಪ್ಪಾಯಿತು ಎಂದು ಹೇಳುವುದು ಒಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿದರು. ಕೊನೆಗೆ ರೇಗಿದವರ ಹಾಗೆ ಕೇಳಿದರು:

"ಅಲ್ಲ ಕಣ್ಲಾ ಮಾದ, ಸೀಮೆಎಣ್ಣೆ ಬೆರ್ಸಿಲ್ಲ ಅಂದ್ಮೇಲ ಬೆರ್ಸಿಲ್ಲ ಅಂತ ಬಾಯ್ಬುಟ್ಟು ಏಳಕ್ಕ ಯಾನಾಗಿತ್ತು ನಿಂಗ?"

ಮಾದಣ್ಣ ನೆಲ ನೋಡಲಿಲ್ಲ. ತುಟಿ ಒರೆಸಲಿಲ್ಲ. ಗೇರು ಹಾಕುತ್ತ ಅಂದ:

"ನಾನು ಏಳ್ದಿ ಸಾವ್ಕಾರ್ರೆ. ನೀವಿಬ್ರೂ ನಗ್ತಿದ್ರಿ."